ಬಿಸಿಲೂರಿನ ಕುಬಸಕ್ಕೆ ಕೈಯಲ್ಲೇ ಮಾಡಿದ ಕಾರ್ಡು, ಕಾಗದದ ತೋರಣ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸಿಂಧನೂರಿನವರು. ಮೇ ತಿಂಗಳಲ್ಲಿ ನನ್ನ ತಂಗಿಯ ಕುಬಸ, ಅಂದರೆ ಸೀಮಂತ ಇದೆ. ಮನೆಯ ಮಾಳಿಗೆ ಮೇಲೆ ಹಂದರ ಹಾಕಿ ಕಾರ್ಯ ಮಾಡುತ್ತೇವೆ. 60 ಮನೆಗೆ ಕರೆಯೋಲೆ ಕೊಡಬೇಕು, ಅದನ್ನು ನಾನೇ ಕೈಯಿಂದ ಮಾಡಬೇಕು ಅಂತ ಆಸೆ. ಆದರೆ ಹೋದ ಬೇಸಿಗೆಯಲ್ಲಿ ಮಗನ ಹುಟ್ಟುಹಬ್ಬಕ್ಕೆ ದಪ್ಪ ಎ4 ಹಾಳೆಯನ್ನು ಅರ್ಧಕ್ಕೆ ಮಡಚಿ ಕಾರ್ಡು ಮಾಡಿದ್ದೆ. ಮಡಿಕೆಯಲ್ಲೆಲ್ಲ ಬಿರುಕು ಬಂತು, ಎರಡು ದಿನಕ್ಕೆ ಕಾರ್ಡುಗಳು ಸುರುಳಿ ಸುತ್ತಿದವು. ಮಾಳಿಗೆ ಮೇಲೆ ಕಟ್ಟಿದ ಕಾಗದದ ತೋರಣ ಸಂಜೆಯ ಗಾಳಿಗೆ ಹರಿದು ಹೋಯಿತು. ಈ ಸಲ ಮನೆಯವರು "ಸುಮ್ನೆ ಥರ್ಮಾಕೋಲ್ ತಂದುಬಿಡು" ಅಂತಿದ್ದಾರೆ. ಯಾವ ಹಾಳೆ ತಗೊಳ್ಳಲಿ, ಯಾವ ಅಂಟು ಹಚ್ಚಲಿ, ಗಾಳಿಗೆ ನಿಲ್ಲುವ ತೋರಣ ಹೇಗೆ ಮಾಡಲಿ? ಪುಣೆ, ಬೆಂಗಳೂರಿನ ಬೀಗರಿಗೆ ಕಾರ್ಡನ್ನು ಪೋಸ್ಟಿನಲ್ಲಿ ಕಳಿಸಬಹುದಾ?

ಉತ್ತರ: ತಂಗಿಗೆ ಮೊದಲು ನನ್ನ ಹಾರೈಕೆ ತಿಳಿಸಿ. ಅಕ್ಕನೇ ಕೂತು ಕರೆಯೋಲೆ ಮಾಡುವುದು ಅಂದರೆ ಅದೇ ಒಂದು ಉಡುಗೊರೆ.

ಮಡಿಕೆ ಬಿರುಕು, ಸುರುಳಿ, ಹರಿದ ತೋರಣ. ಇವು ಮೂರು ಬೇರೆ ಬೇರೆ ತೊಂದರೆ ಅನ್ನಿಸಬಹುದು, ಆದರೆ ಬೇರು ಒಂದೇ. ನಾವು ಚಿತ್ರ, ಬಣ್ಣ, ಮಿಂಚಿನ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ಹಾಳೆಯ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಕಾಗದ ತೇವ ಕುಡಿಯುತ್ತದೆ, ಬಿಡುತ್ತದೆ. ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಬಗ್ಗುವುದಿಲ್ಲ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಈ ಗುಣ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. ಅದಕ್ಕೇ ಹಾಳೆಯ ಮಾತು ಮೊದಲು, ಅಲಂಕಾರ ಆಮೇಲೆ.

ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ಕಲಸಿದ ನಾರು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತದೆ. ಜಾಲರಿ ಓಡುವ ಕಡೆಗೇ ಹೆಚ್ಚಿನ ನಾರು ಮಲಗಿಕೊಳ್ಳುತ್ತದೆ. ಹೀಗಾಗಿ ಪ್ರತಿ ಹಾಳೆಗೂ ಒಂದು ಎಳೆ ಇರುತ್ತದೆ. ಎಳೆಯ ಉದ್ದಕ್ಕೆ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ. ಎಳೆಗೆ ಅಡ್ಡ ಮಡಚಿದರೆ ನಾರು ಮುರಿಯುತ್ತದೆ, ಬಣ್ಣದ ಹಾಳೆಯಾದರೆ ಒಳಗಿನ ಬಿಳಿ ಇಣುಕುತ್ತದೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಎ4 ಹಾಳೆಗಳಲ್ಲಿ ಎಳೆ ಉದ್ದದ ಕಡೆಗೆ ಇರುತ್ತದೆ. ನೀವು ಅದನ್ನು ಹಾಗೇ ಅರ್ಧಕ್ಕೆ ಮಡಚಿದ್ದೀರಿ, ಅಂದರೆ ಎಳೆಗೆ ಸರಿಯಾಗಿ ಅಡ್ಡ. ಬಿರುಕು ಬರದೆ ಇನ್ನೇನು ಬರುತ್ತದೆ?

ಎಳೆ ಕಂಡುಹಿಡಿಯುವುದು ಸುಲಭ. ಹಾಳೆಯನ್ನು ಮಡಚದೆ ಸುಮ್ನೆ ಬಾಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಆಮೇಲೆ ಇನ್ನೊಂದು ಕಡೆಯಿಂದ ಬಾಗಿಸಿ ಒತ್ತಿ. ಯಾವ ಕಡೆ ಹಾಳೆ ಕೈಗೆ ಮೆತ್ತಗೆ ಸಿಗುತ್ತದೋ ಆ ಬಾಗಿನ ಗೆರೆಯೇ ಎಳೆಯ ದಿಕ್ಕು. ಅನುಮಾನ ಉಳಿದರೆ ಎರಡು ಬೆರಳಗಲದ ಚೌಕ ಕತ್ತರಿಸಿ ಒಂದು ಮೈಗೆ ಮಾತ್ರ ನೀರು ಸವರಿ. ಅದು ಕೊಳವೆಯ ಹಾಗೆ ಸುತ್ತಿಕೊಳ್ಳುತ್ತದೆ. ಕೊಳವೆ ಯಾವ ಕಡೆಗೆ ಉದ್ದ ನಿಂತಿದೆಯೋ ಎಳೆ ಆ ಕಡೆಗಿದೆ. ಕತ್ತರಿಸುವ ಮೊದಲೇ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಸಣ್ಣ ಬಾಣ ಹಾಕಿಟ್ಟುಕೊಳ್ಳಿ. ತುಂಡು ಮಾಡಿದ ಮೇಲೆ ಯಾವುದು ಯಾವ ಕಡೆ ಅಂತ ಗೊತ್ತಾಗುವುದಿಲ್ಲ.

ಇನ್ನು ಸುರುಳಿಯ ವಿಚಾರ. ನೀವು ಬರೆದಿಲ್ಲ, ಆದರೆ ಬೇಸಿಗೆಯಲ್ಲಿ ಸಿಂಧನೂರಿನಲ್ಲಿ ಕೂತು ಕಾರ್ಡು ಮಾಡಿದ್ದೀರಿ ಅಂದರೆ ಕೂಲರ್ ಎದುರಿಗೇ ಕೂತಿರಬೇಕು, ಅಲ್ವಾ? ನೀರಿನ ಕೂಲರ್ ಕೋಣೆಯ ಗಾಳಿಗೆ ತೇವ ತುಂಬುತ್ತದೆ. ಆ ತೇವವನ್ನು ಹಾಳೆ ಕುಡಿಯುತ್ತದೆ. ನಾರು ತೇವ ಕುಡಿದಾಗ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಆ ಕಾರ್ಡನ್ನು ಆಮೇಲೆ ಹೊರಗೆ 40 ಡಿಗ್ರಿ ದಾಟಿದ ಒಣ ಹವೆಗೆ ತಂದಾಗ ಉಬ್ಬಿದ್ದು ಕುಗ್ಗುತ್ತದೆ. ಎರಡೂ ಮೈ ಸಮನಾಗಿ ಕುಗ್ಗಿದರೆ ಏನೂ ಆಗುವುದಿಲ್ಲ. ಒಂದು ಮೈಗೆ ಅಂಟು ಬಳಿದು ಇನ್ನೊಂದು ಹಾಳೆ ಕೂರಿಸಿದ್ದರೆ ಎರಡು ಮೈ ಎರಡು ಥರ ಎಳೆಯುತ್ತವೆ, ಕಾರ್ಡು ಸುತ್ತಿಕೊಳ್ಳುತ್ತದೆ.

ಹಾಗಾಗಿ ಅಂಟಿಸುವ ಕೆಲಸ ಬೆಳಿಗ್ಗೆ ಹೊತ್ತು ಏರುವ ಮೊದಲು ಮುಗಿಸಿಕೊಳ್ಳಿ. ಕೂಲರ್ ಬೇಡ. ಅಂಟು ಒಣಗಲಿ ಅಂತ ಫ್ಯಾನ್ ಕೆಳಗೆ ಹರಡಿ ಇಡುವುದೂ ಬೇಡ, ಮೇಲಿನ ಮೈ ಬೇಗ ಒಣಗಿ ಮತ್ತೆ ಅದೇ ಕಥೆ. ಅಂಟಿಸಿದ ಕೂಡಲೇ ಮಧ್ಯೆ ಬಿಳಿ ಹಾಳೆ ಇಟ್ಟು ಒಂದರ ಮೇಲೊಂದು ಪೇರಿಸಿ, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಡಿ. ಮಧ್ಯೆ ದಿನಪತ್ರಿಕೆ ಇಡಬೇಡಿ, ಮಸಿ ಹತ್ತುತ್ತದೆ. ಹಾಳೆ ಮೇಲೆ ಹಾಳೆ ಕೂರಿಸುವಾಗ ಎರಡರ ಎಳೆಯೂ ಒಂದೇ ಕಡೆಗಿರಲಿ. ಹಾಳೆ ತಂದ ದಿನವೇ ಕತ್ತರಿಸದೆ ಒಂದು ದಿನ ಕೆಲಸ ಮಾಡುವ ಕೋಣೆಯಲ್ಲೇ ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು.

ದಪ್ಪದ ಲೆಕ್ಕವನ್ನು ಅಂಗಡಿಯಲ್ಲಿ ಜಿಎಸ್‌ಎಂ ಅಂತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು ಅದು. ಕಾರ್ಡಿಗೆ 200 ರಿಂದ 250 ಸಾಕು. 300 ದಾಟಿದರೆ ಮನೆಯಲ್ಲಿ ಕೈಯಿಂದ ಮಡಚುವುದು ಕಷ್ಟ. ಲಕೋಟೆಗೆ 90 ರಿಂದ 100. ನಮ್ಮ ಊರುಗಳ ಸ್ಟೇಷನರಿ ಅಂಗಡಿಯಲ್ಲಿ ಕಾರ್ಡಿಗೆ ಅಂದರೆ ಹೊಳೆಯುವ ಹಾಳೆಯನ್ನೇ ಮೊದಲು ತೋರಿಸುತ್ತಾರೆ. ನೋಡಲು ಚೆಂದ, ಆದರೆ ಅದರ ಮೇಲೆ ಜೆಲ್ ಪೆನ್ನಿನ ಶಾಯಿ ಒಣಗುವುದು ತಡ, ಬೆವರಿನ ಕೈ ತಾಗಿದರೆ ಹರಡುತ್ತದೆ. ಹೊಳಪಿಲ್ಲದ, ಬೆರಳಿಗೆ ಸ್ವಲ್ಪ ತರಿತರಿ ಸಿಗುವ ಹಾಳೆ ಕೇಳಿ. ಒಳ್ಳೆಯ ಡ್ರಾಯಿಂಗ್ ಶೀಟ್ ಆದರೂ ನಡೆಯುತ್ತದೆ.

ಅಳತೆ ಹೀಗಿರಲಿ. ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಅದನ್ನು ಮಡಚಬೇಡಿ, ಎರಡು ತುಂಡಾಗಿ ಕತ್ತರಿಸಿ. 14.8 × 21 ಸೆಂ.ಮೀ.ನ ಎರಡು ಹಾಳೆ ಸಿಗುತ್ತವೆ. ಇವನ್ನು ಮಡಚಿದರೆ 10.5 × 14.8 ಸೆಂ.ಮೀ.ನ ಕಾರ್ಡು. ಈಗ ಮಡಿಕೆ ತಾನಾಗಿ ಎಳೆಯ ಉದ್ದಕ್ಕೇ ಬರುತ್ತದೆ. ಅದೇ ಅಂಗಡಿ, ಅದೇ ಹಾಳೆ, ಕಾರ್ಡು ಸಣ್ಣದು ಮಾಡಿದ್ದಕ್ಕೇ ಬಿರುಕು ಹೋಯಿತು. 60 ಬೇಕು ಅಂದರೆ 66 ಮಾಡಿ. ಕೊನೇ ಗಳಿಗೆಯಲ್ಲಿ ಬಿಟ್ಟುಹೋದ ಹೆಸರು ಒಂದೆರಡು ಇದ್ದೇ ಇರುತ್ತದೆ. ಎಲ್ಲವೂ ಇದೇ ಅಳತೆಯವು ಆದರೆ ಹಾಳೆ 33 ಸಾಕು.

ಮಡಚುವ ಮುಂಚೆ ಗೀರು ಹಾಕಲೇಬೇಕು. ರೀಫಿಲ್ ಖಾಲಿಯಾದ ಬಾಲ್‌ಪೆನ್ನು, ಒಂದು ಸ್ಟೀಲ್ ಸ್ಕೇಲು, ಕೆಳಗೆ ಹಾಸಲು ನಾಲ್ಕೈದು ಹಾಳೆಯ ದಿನಪತ್ರಿಕೆ. ಸ್ಕೇಲು ಅಲುಗದಂತೆ ಹಿಡಿದು ಪೆನ್ನನ್ನು ಒಂದೇ ಒತ್ತಡದಲ್ಲಿ ಮೇಲಿಂದ ಕೆಳಗೆ ಎಳೆಯಿರಿ. ಹಾಳೆ ಸೀಳಬಾರದು, ಕುಳಿ ಬೀಳಬೇಕು ಅಷ್ಟೇ. ಒಂದು ಮೈಗೆ ಕುಳಿ, ಹಿಂದಿನ ಮೈಗೆ ಸಣ್ಣ ಏಣು ಬರುತ್ತದೆ. ಆ ಏಣು ಮಡಿಕೆಯ ಒಳಗೆ ಹೋಗಬೇಕು, ಕುಳಿ ಹೊರಗೆ ಉಳಿಯಬೇಕು. ಹೆಚ್ಚಿನವರು ಉಲ್ಟಾ ಮಡಚುತ್ತಾರೆ. ಏಣು ಒಳಗಿದ್ದರೆ ಹೊರಮೈ ಮೇಲಿನ ಎಳೆತ ಕಡಿಮೆ, ದಪ್ಪ ಹಾಳೆಯೂ ಸೀಳುವುದಿಲ್ಲ. ಕೊನೆಗೆ ಒಂದು ಚಮಚದ ಬೆನ್ನಿನಿಂದ ಮಡಿಕೆಯನ್ನು ಉಜ್ಜಿ. ಬಣ್ಣದ ಹಾಳೆಯಾದರೆ ಮೇಲೊಂದು ಬಿಳಿ ಹಾಳೆ ಇಟ್ಟು ಉಜ್ಜಿ, ಇಲ್ಲದಿದ್ದರೆ ಹೊಳಪಿನ ಗೆರೆ ಉಳಿಯುತ್ತದೆ.

ಈಗ ಕಾರ್ಡಿನ ಮುಖ. ಇದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಕುಬಸದ ಕಾರ್ಡಿಗೆ ಇಂಟರ್ನೆಟ್ಟಿನಿಂದ ತೆಗೆದ ತೊಟ್ಟಿಲು, ಕರಡಿ ಬೊಂಬೆ, ಬಲೂನು ಬೇಡ. ನಮ್ಮ ಕಾರ್ಯದಲ್ಲೇ ಬೇಕಾದಷ್ಟು ರೂಪಗಳಿವೆ. ಹಸಿರು ಬಳೆ, ಉಡಿಯಲ್ಲಿ ಹಾಕುವ ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ. ಇಳಕಲ್ ಸೀರೆಯ ಕೆಂಪು ಬಿಳುಪಿನ ಟೋಪ ತೆನಿ ಸೆರಗು ನೋಡಿ, ಬಾಚಣಿಗೆ ಹಲ್ಲಿನಂಥ ಆ ಸಾಲನ್ನು ಕತ್ತರಿಯಿಂದ ಯಾರು ಬೇಕಾದರೂ ಕತ್ತರಿಸಬಹುದು. ಹಸಿರು ಕಾರ್ಡಿನ ಅಂಚಿಗೆ ಬಿಳಿ ಹಾಳೆಯ ಹಲ್ಲುಸಾಲು, ಅದರ ಹಿಂದೆ ಕೆಂಪು ಪಟ್ಟಿ. ಬೇರೆ ಏನೂ ಬೇಡ. ಕಾರ್ಡು ಕೈಗೆ ಬಂದ ಕೂಡಲೇ ಇದು ನಮ್ಮ ಮನೆಯ ಕಾರ್ಯ ಅಂತ ಗೊತ್ತಾಗುತ್ತದೆ.

ಹತ್ತಿರದ ಮನೆಗಳಿಗೆ ಕೈಯಾರೆ ಕೊಡುವ ಕಾರ್ಡನ್ನು ಖಣದ, ಅಂದರೆ ರವಿಕೆ ಬಟ್ಟೆಯ ಆಕಾರದಲ್ಲೇ ಮಾಡಬಹುದು. ಉಡಿ ತುಂಬುವಾಗ ಗುಳೇದಗುಡ್ಡದ ಖಣವನ್ನು ಮೂರು ಮೂಲೆಯಾಗಿ ಮಡಚಿ ಇಡುತ್ತೇವಲ್ಲ, ಹಾಗೆ. 100 ರಿಂದ 120 ಜಿಎಸ್‌ಎಂನ ಗಾಢ ಬಣ್ಣದ ಹಾಳೆ ತಗೊಳ್ಳಿ, ಕುಂಕುಮ ಕೆಂಪು ಅಥವಾ ಗಿಳಿ ಹಸಿರು. 21 ಸೆಂ.ಮೀ. ಚೌಕ ಕತ್ತರಿಸಿ. ಒಂದು ಮೂಲೆಯಲ್ಲಿ ಕೂಡುವ ಎರಡು ಅಂಚಿಗೆ ಒಂದೂವರೆ ಸೆಂ.ಮೀ. ಅಗಲದ ಬೇಗಡೆ ಹಾಳೆಯ ಪಟ್ಟಿ ಅಂಟಿಸಿ, ಅದು ಖಣದ ದಡಿ. ಎದುರಿನ ಮೂಲೆಯನ್ನು ಈ ಮೂಲೆಯ ಹಿಂದಕ್ಕೆ ತಂದು ಕೂಡಿಸಿ ಮಡಚಿ. ದಡಿ ಮುಂದೆ ಕಾಣುವ ತ್ರಿಕೋನ ಸಿಕ್ಕಿತು. ಉದ್ದನೆಯ ಮಡಿಕೆ ಕೆಳಗಿರಲಿ. ಹಾಳೆ ತೆಳು ಆಗಿರುವುದರಿಂದ ಇಲ್ಲಿ ಓರೆ ಮಡಿಕೆಗೆ ಬಿರುಕಿನ ಭಯ ಇಲ್ಲ. ಒಳಗೆ ಇಡಲು 19.5 ಸೆಂ.ಮೀ.ನ ದಪ್ಪ ಹಾಳೆಯ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ ಆಗುತ್ತವೆ. ಒಕ್ಕಣೆ ಅದರ ಮೇಲೆ. ಮೇಲೆ ಒಂದೇ ಪದ, ಕೆಳಕ್ಕೆ ಇಳಿದಂತೆ ಸಾಲು ಉದ್ದ. ಮೇಲೊಂದು ನಾರಿನ ಗಂಟು ಹಾಕಿ. ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆ ನಾರಿನಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುತ್ತಾರೆ. ಆ ಕಡೆ ಯಾರಾದರೂ ಹೋಗುವವರಿದ್ದರೆ ಒಂದು ಸಿವುಡು ನಾರು ತರಿಸಿಕೊಳ್ಳಿ. ಅದರ ತಿಳಿ ಕಂದು ಬಣ್ಣ ಕೆಂಪು ಹಾಳೆ ಮೇಲೆ ಬಹಳ ಚೆಂದ ಕೂರುತ್ತದೆ. ಸಿಗದಿದ್ದರೆ ಅರಿಷಿಣ ಹಚ್ಚಿದ ಹತ್ತಿ ದಾರ.

ಇಷ್ಟನ್ನೂ 60 ಮನೆಗೆ ಮಾಡಲು ಹೋಗಬೇಡಿ. ಒಂದು ಕಾರ್ಡಿಗೆ ಕಾಲು ಗಂಟೆ ಅಂದರೂ 60ಕ್ಕೆ 15 ಗಂಟೆ. ತೀರ ಹತ್ತಿರದ ಇಪ್ಪತ್ತು ಮನೆಗೆ ಖಣ, ಉಳಿದವರಿಗೆ ಅಚ್ಚು ಹಾಕಿದ ಸಾದಾ ಕಾರ್ಡು. ಒಂದೊಂದನ್ನೇ ಶುರುಮಾಡಿ ಮುಗಿಸುವುದಕ್ಕಿಂತ ಮೊದಲ ದಿನ ಎಲ್ಲವನ್ನೂ ಕತ್ತರಿಸಿ, ಮರುದಿನ ಎಲ್ಲಕ್ಕೂ ಗೀರು, ಅದರ ಮರುದಿನ ಅಚ್ಚು ಅಂತ ಹಂಚಿಕೊಳ್ಳಿ. ಕೈಗೆ ಒಂದೇ ಕೆಲಸದ ಲಯ ಸಿಕ್ಕರೆ ಅರ್ಧ ಹೊತ್ತು ಉಳಿಯುತ್ತದೆ, ಅಳತೆಯೂ ಒಂದೇ ಬರುತ್ತದೆ.

ಅಚ್ಚಿಗೆ ಬೆಂಡೆಕಾಯಿ ಸಾಕು. ಅಡ್ಡ ಕತ್ತರಿಸಿದರೆ ಐದೆಸಳಿನ ಹೂವು ತಯಾರಿದೆ. ಎಳೆ ಕಾಯಿ ಬೇಡ, ಬಲಿತದ್ದು ಬೇಕು. ಕತ್ತರಿಸಿ ಬಟ್ಟೆ ಮೇಲೆ ಬೋರಲು ಇಟ್ಟು ಸ್ವಲ್ಪ ಹೊತ್ತು ಬಿಡಿ. ಲೋಳೆ ಇಳಿದು ಹೋಗಬೇಕು, ಇಲ್ಲದಿದ್ದರೆ ಬಣ್ಣ ನೀರಾಗಿ ಹೂವಿನ ಅಂಚು ಹರಡುತ್ತದೆ. ತಟ್ಟೆಯಲ್ಲಿ ಮಡಚಿದ ಹಳೆ ಬಟ್ಟೆ ಇಟ್ಟು ಅದಕ್ಕೆ ಪೋಸ್ಟರ್ ಕಲರ್ ಕುಡಿಸಿ. ಈ ಹವೆಗೆ ಆ ಬಟ್ಟೆ ಬೇಗ ಒಣಗುತ್ತದೆ, ಆಗಾಗ ನಾಲ್ಕು ಹನಿ ನೀರು ಚಿಮುಕಿಸಿ. ಬಣ್ಣ ಹತ್ತಿದ ಕಾಯಿಯನ್ನು ಮೊದಲು ರದ್ದಿ ಹಾಳೆ ಮೇಲೆ ಒಮ್ಮೆ ಒತ್ತಿ, ಆಮೇಲೆ ಕಾರ್ಡಿನ ಮೇಲೆ. ಎರಡನೆಯ ಒತ್ತು ಯಾವಾಗಲೂ ಮೊದಲನೆಯದಕ್ಕಿಂತ ಚೆನ್ನಾಗಿ ಮೂಡುತ್ತದೆ. ಮಗನನ್ನು ಈ ಕೆಲಸಕ್ಕೆ ಕೂರಿಸಿ, ಚಿಕ್ಕಮ್ಮನ ಕಾರ್ಯಕ್ಕೆ ಅವನ ಕೈಯೂ ಇರಲಿ.

ಒಕ್ಕಣೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ತಪ್ಪೇನಿಲ್ಲ. ದಿನ, ಹೊತ್ತು, ಮನೆಯ ವಿಳಾಸ ಅಜ್ಜ ಅಜ್ಜಿಯರಿಗೂ ಕಾಣುವಷ್ಟು ದೊಡ್ಡದಾಗಿರಲಿ. ಅಕ್ಷರ ಮಡಿಕೆಯ ಮೇಲೆ ಬರಬಾರದು, ಲೇಸರ್ ಪ್ರಿಂಟಿನ ಮಸಿ ಮಡಿಕೆಯಲ್ಲಿ ಉದುರುತ್ತದೆ. ಪ್ರಿಂಟ್ ಮೊದಲು, ಗೀರು ಆಮೇಲೆ. ಪ್ರಿಂಟರಿನ ಬಿಸಿಗೆ ಹಾಳೆ ಸ್ವಲ್ಪ ಬಾಗಿ ಬರುತ್ತದೆ, ಅದನ್ನೂ ಒಂದು ರಾತ್ರಿ ಭಾರದ ಕೆಳಗೆ ಇಡಿ. ಆದರೆ ಹೆಸರು, ಅದರ ಕೆಳಗಿನ ಒಂದು ಸಾಲು ಮಾತ್ರ ನಿಮ್ಮ ಕೈಬರಹದಲ್ಲೇ ಇರಬೇಕು. ಮತ್ತು ಆ ಸಾಲು ಮನೆಮನೆಗೂ ಬೇರೆ. "ಅತ್ತೀ, ನೀವೇ ಬಂದು ಉಡಿ ತುಂಬಬೇಕು." "ಕಾಕಾ, ಹಿಂದಿನ ದಿನಾನೇ ಬರ್ರಿ." ಕೈಯಿಂದ ಮಾಡಿದ ಕಾರ್ಡಿನ ಬೆಲೆ ಇರುವುದು ಇಲ್ಲಿ. ಮೇಲೆ ಎಷ್ಟು ಮಿಂಚು ಹಚ್ಚಿದರೂ ಈ ಸಾಲಿಲ್ಲದ ಕಾರ್ಡು ಪ್ರೆಸ್ಸಿನ ಕಾರ್ಡೇ.

ಲಕೋಟೆಯನ್ನು ಕೊಳ್ಳಬೇಡಿ. ಎ4 ಹಾಳೆಯಿಂದ 21 ಸೆಂ.ಮೀ. ಚೌಕ ಕತ್ತರಿಸಿ ಮೂಲೆ ಮೇಲೆ ಬರುವಂತೆ ಇಡಿ. ಕಾರ್ಡನ್ನು ನಟ್ಟನಡುವೆ ಅಡ್ಡಲಾಗಿ ಮಲಗಿಸಿ, ಸುತ್ತ ಮೂರು ನಾಲ್ಕು ಮಿ.ಮೀ. ಸಡಿಲ ಬಿಟ್ಟು ಎಡ ಬಲದ ಮೂಲೆಗಳನ್ನು ಒಳಕ್ಕೆ ಮಡಚಿ. ಆಮೇಲೆ ಕೆಳಗಿನ ಮೂಲೆಯನ್ನು ಮೇಲಕ್ಕೆ ತಂದು ಅವೆರಡರ ಮೇಲೆ ಅಂಟಿಸಿ. ಮೇಲಿನ ಮೂಲೆ ಮುಚ್ಚಳ. ಉಳಿದ 8.7 ಸೆಂ.ಮೀ.ನ ಪಟ್ಟಿ ಎಸೆಯಬೇಡಿ, ಬೇರೆ ಕೆಲಸಕ್ಕೆ ಬರುತ್ತದೆ.

ಅಂಟಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಕಾರ್ಡಿಗೆ ಫೆವಿಕಾಲನ್ನು ಡಬ್ಬಿಯಿಂದ ನೇರ ಸುರಿದು ಬೆರಳಿನಿಂದ ಬಳಿಯುವವರೇ ಜಾಸ್ತಿ. ಅದರಲ್ಲಿರುವ ನೀರು ಹಾಳೆಯನ್ನು ಉಬ್ಬಿಸುತ್ತದೆ. ಕಾರ್ಡಿಗೆ ಗ್ಲೂ ಸ್ಟಿಕ್ ಸಾಕು. ಫೆವಿಕಾಲೇ ಬೇಕು ಅಂದರೆ ಹಳೆ ಕಾರ್ಡಿನ ತುಂಡಿನಿಂದ ತೆಳ್ಳಗೆ ಎಳೆದು ಹಚ್ಚಿ.

ತೋರಣ, ಹೂವು, ಬುಟ್ಟಿ ಇಂಥ ದೊಡ್ಡ ಕೆಲಸಕ್ಕೆ ಮೈದಾ ಅಂಟು ಮಾಡಿಕೊಳ್ಳಿ. ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು. ತಣ್ಣೀರಿನಲ್ಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಿಳಿ ಹೋಗಿ ಅರೆಪಾರದರ್ಶಕ ಆದಾಗ ಇಳಿಸಿ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹಳಸುತ್ತದೆ, ಆ ದಿನದ್ದು ಆ ದಿನವೇ ಮಾಡಿ. ಹುಳ ಹತ್ತದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುವ ಹಳೆ ರೂಢಿ ಇದೆ. ಅದು ವಿಷ. ಮಕ್ಕಳು ಕೈಯಾಡಿಸುವ, ಬಸುರಿ ಕೂರುವ ಜಾಗಕ್ಕೆ ಅದು ಬೇಡವೇ ಬೇಡ.

ಹುಣಸೆ ಬೀಜದ ಅಂಟು ಇದಕ್ಕಿಂತ ಗಟ್ಟಿ. ಅದರ ಶಕ್ತಿ ನೋಡಬೇಕು ಅಂದರೆ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿ. ಅಲ್ಲಿನ ಚಿತ್ರಗಾರರು ಹಗುರ ಮರದ ಬೊಂಬೆಗಳ ಕೈಕಾಲು ಜೋಡಿಸುವುದು ಇದೇ ಅಂಟಿನಿಂದ. ಗೋಣಿ ನಾರು ಮತ್ತು ಮರದ ಪುಡಿಯನ್ನು ಈ ಅಂಟಿನಲ್ಲಿ ಕಲಸಿ ಕಿಟ್ಟ ಮಾಡುತ್ತಾರೆ, ಬೊಂಬೆಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಅರಿವೆ ತುಂಡುಗಳನ್ನು ಅಂಟಿಸುವುದೂ ಇದರಿಂದಲೇ. ಭೌಗೋಳಿಕ ಗುರುತು ಪಡೆದ ಆ ಕಸುಬು ನಿಂತಿರುವುದು ನಮ್ಮ ಅಡುಗೆಮನೆಯಲ್ಲಿ ನಾವು ಎಸೆಯುವ ಬೀಜದ ಮೇಲೆ. ನೀವು ಮಾಡುವುದಾದರೆ ಬೀಜ ಹುರಿದು ಕಂದು ಸಿಪ್ಪೆ ತೆಗೆಯಿರಿ, ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ನೀರು ಸೇರಿಸಿ ಹೊಳಪು ಬರುವವರೆಗೆ ಕುದಿಸಿ. ಬಣ್ಣ ಸ್ವಲ್ಪ ಕಂದು, ಹಾಗಾಗಿ ಬಿಳಿ ಕಾರ್ಡಿಗೆ ಬೇಡ. ಬಿದಿರು, ರಟ್ಟು, ಸುತಳಿಗೆ ಹಾಳೆ ಅಂಟಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ಥರ್ಮಾಕೋಲ್ ತರಲು ಹೇಳಿದ ಮನೆಯವರಿಗೆ ಇದನ್ನು ಓದಿ ಹೇಳಿ. ಕರ್ನಾಟಕದಲ್ಲಿ 2016 ರಲ್ಲೇ ಥರ್ಮಾಕೋಲಿನ ತಟ್ಟೆ, ಲೋಟದಂಥ ಸಾಮಾನಿಗೆ ನಿಷೇಧ ಬಂತು. 2022 ರ ಜುಲೈ 1 ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನು ನಿಂತವು. ಆ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಇದೆ, ಪ್ಲಾಸ್ಟಿಕ್ ಬಾವುಟ ಇದೆ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇದೆ, ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಅಂಗಡಿಯಲ್ಲಿ ಈಗಲೂ ಸಿಗಬಹುದು, ಸಿಕ್ಕಿದ ಮಾತ್ರಕ್ಕೆ ಸರಿಯಾಗುವುದಿಲ್ಲ. ಕಾನೂನು ಬಿಡಿ, ಮಾಳಿಗೆ ಮೇಲೆ ಗಾಳಿಗೆ ಒಡೆದ ಥರ್ಮಾಕೋಲ್ ಕಾಳು ಓಣಿ ತುಂಬ ಹಾರಾಡಿ ಚರಂಡಿ ಸೇರುವುದನ್ನು ಎಲ್ಲರೂ ನೋಡಿದ್ದೇವೆ.

ಗಾಳಿಗೆ ತೋರಣ ಹರಿಯುವುದಕ್ಕೆ ಕಾರಣ ಅದು ಗಾಳಿಯನ್ನು ತಡೆದು ನಿಲ್ಲುವುದು. ದಪ್ಪ ಹಾಳೆಯ ದೊಡ್ಡ ತ್ರಿಕೋನಗಳನ್ನು ಒತ್ತೊತ್ತಾಗಿ ಬಿಗಿ ದಾರಕ್ಕೆ ಸ್ಟೇಪಲ್ ಹೊಡೆದರೆ ಇಡೀ ಸಾಲು ಹಾಯಿಯ ಹಾಗೆ ಉಬ್ಬುತ್ತದೆ. ಸ್ಟೇಪಲ್ ಹೊಡೆದ ತೂತಿನಿಂದಲೇ ಹರಿತ ಶುರು. ಗಾಳಿಗೆ ದಾರಿ ಬಿಡಬೇಕು. ಗಾಳಿಪಟದ ತೆಳು ಹಾಳೆ ತಗೊಳ್ಳಿ. ಅಂಗೈ ಅಗಲದ ಪಟ್ಟಿಯನ್ನು ಎರಡು ಮೂರು ಸಲ ಮಡಚಿ, ಮಡಿಕೆಯ ಮೇಲೆ ಕತ್ತರಿಯಿಂದ ಬೇವಿನೆಲೆ, ಕಾಳು, ಅರ್ಧಚಂದ್ರ ಕತ್ತರಿಸಿ ಬಿಚ್ಚಿ. ಕೆಳಗಿನ ಅಂಚಿಗೆ ಸೀಳು ಸೀಳಾಗಿ ಜಾಲರು ಬಿಡಿ. ಮೇಲಿನ ಒಂದೂವರೆ ಸೆಂ.ಮೀ.ಯನ್ನು ಸುತಳಿ ಮೇಲೆ ಮಗುಚಿ ಹುಣಸೆ ಅಂಟಿನಿಂದ ಅಂಟಿಸಿ, ಹಾಳೆ ಹಾಳೆಯ ನಡುವೆ ನಾಲ್ಕು ಬೆರಳು ಖಾಲಿ ಬಿಡಿ. ಒಂದೇ ಉದ್ದನೆಯ ಸಾಲು ಬೇಡ. ಎರಡು ಮೂರು ಮೀಟರಿನ ತುಂಡುಗಳನ್ನು ಕಂಬದಿಂದ ಕಂಬಕ್ಕೆ ಸ್ವಲ್ಪ ಜೋತು ಬಿಟ್ಟು ಕಟ್ಟಿ. ಸಡಿಲ ಇದ್ದದ್ದು ತೂಗಾಡುತ್ತದೆ, ಬಿಗಿ ಇದ್ದದ್ದು ಹರಿಯುತ್ತದೆ. ಒಂದು ಸಾಲು ಹೋದರೂ ಉಳಿದವು ಇರುತ್ತವೆ. ಮೇ ತಿಂಗಳ ಸಂಜೆ ಧೂಳುಗಾಳಿ ಎದ್ದು ಗುಡುಗು ಮಳೆ ಬರುವುದು ಮಾಮೂಲು, ಆದ್ದರಿಂದ ಹಿಂದಿನ ದಿನವೇ ಕಟ್ಟಬೇಡಿ, ಕಾರ್ಯದ ದಿನ ಬೆಳಿಗ್ಗೆ ಕಟ್ಟಿ. ಬಾಗಿಲಿಗೆ ಕಾಗದ ಬೇಡ, ಅಲ್ಲಿ ಮಾವಿನ ತಳಿರೇ ಇರಲಿ.

ಹಂದರದ ನಡುವೆ ತೂಗುಹಾಕಲು ಬುಟ್ಟಿ ಬೇಕಾದರೆ ದೀಪಾವಳಿಯ ಆಕಾಶಬುಟ್ಟಿಯನ್ನೇ ಮಾಡಿ. ಬಿದಿರು ಸೀಳಿನ ಚೌಕಟ್ಟು, ಮೇಲೆ ತೆಳು ಬಣ್ಣದ ಹಾಳೆ. ನಿಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಂ ಎಲ್ಲರಿಗೂ ಗೊತ್ತು. ಮೊಹರಂ ತಾಬೂತು ಕಟ್ಟುವವರ ಕೈಚಳಕವೂ ಇದೇ, ಬಿದಿರು ಮತ್ತು ಹಾಳೆ. ನಿಮ್ಮ ಓಣಿಯಲ್ಲಿ ಅಂಥ ಹಿರಿಯರು ಯಾರಾದರೂ ಇದ್ದರೆ ಹೋಗಿ ಕೇಳಿ. ಮೂಲೆಯಲ್ಲಿ ಹಾಳೆ ಹರಿಯದಂತೆ ಹೇಗೆ ಮಡಚಿ ಕೂರಿಸುತ್ತಾರೆ ಅನ್ನುವುದು ಬರೆದು ಹೇಳಲು ಬರುವುದಿಲ್ಲ, ಪಕ್ಕದಲ್ಲಿ ಕೂತು ನೋಡಬೇಕು.

ತಂಗಿ ಕೂರುವ ಕುರ್ಚಿಯ ಹಿಂದೆ ಬೀಸಣಿಗೆ ಚಕ್ರಗಳನ್ನು ಮಾಡಬಹುದು. ಚಾರ್ಟ್ ಪೇಪರ್ 56 × 71 ಸೆಂ.ಮೀ. ಇರುತ್ತದೆ. 9 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದದ ಆರು ಪಟ್ಟಿ ಬರುತ್ತವೆ. ಒಂದೂವರೆ ಸೆಂ.ಮೀ.ಗೆ ಒಂದರಂತೆ ಹಿಂದೆ ಮುಂದೆ ನಿರಿಗೆ ಹಿಡಿದು, ಎರಡು ತುದಿ ಕೂಡಿಸಿ, ಒಂದು ಅಂಚಿನ ನಿರಿಗೆಗಳನ್ನು ನಡುವಿಗೆ ತಂದು ಒತ್ತಿದರೆ 18 ಸೆಂ.ಮೀ.ನ ಚಕ್ರ. ಪಟ್ಟಿಯ ಉದ್ದ ಅಗಲದ ಎಂಟರಷ್ಟು ಇರಬೇಕು ಅನ್ನುವುದು ಲೆಕ್ಕ. ಕಡಿಮೆಯಾದರೆ ಚಕ್ರ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ನಿರಿಗೆ ಎಳೆಯ ಉದ್ದಕ್ಕೇ ಬರಬೇಕು ಅನ್ನುವುದು ಇಲ್ಲೂ ಅದೇ ನಿಯಮ. ಎಳೆ 71 ಸೆಂ.ಮೀ. ಕಡೆಗಿದ್ದರೆ 7 ಸೆಂ.ಮೀ. ಅಗಲದ ಪಟ್ಟಿಗಳನ್ನು ಇನ್ನೊಂದು ಕಡೆಯಿಂದ, 56 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಚಕ್ರ ಸ್ವಲ್ಪ ಸಣ್ಣದಾಗುತ್ತದೆ. ನಡುವಿಗೆ ಹಿಂದೆ ಮುಂದೆ ರಟ್ಟಿನ ಬಿಲ್ಲೆ ಅಂಟಿಸಿ, ಒಣಗುವವರೆಗೆ ಭಾರ ಇಡಿ.

ಕ್ರೇಪ್ ಪೇಪರಿನ ಹೂವು ಮಾಡುವುದಾದರೆ ಸುಕ್ಕುಗಳು ಎಸಳಿನ ಉದ್ದಕ್ಕೆ ಬರುವಂತೆ ಕತ್ತರಿಸಿ. ಎರಡು ಹೆಬ್ಬೆರಳಿನಿಂದ ಎಸಳಿನ ನಡುಭಾಗವನ್ನು ಅಗಲಕ್ಕೆ ಎಳೆದರೆ ಬಟ್ಟಲಿನಂತೆ ಕುಳಿ ಬೀಳುತ್ತದೆ, ನಿಜವಾದ ಎಸಳೇ ಅನ್ನಿಸುತ್ತದೆ. ಆದರೆ ಇದರ ಬಣ್ಣ ತೇವ ತಾಗಿದರೆ ಬಿಡುತ್ತದೆ. ತಂಗಿಯ ಹಸಿರು ಸೀರೆಯ ಹತ್ತಿರ, ತಲೆಗೆ, ಕುರ್ಚಿಯ ಕೈಗೆ ಇದನ್ನು ಕಟ್ಟಬೇಡಿ. ಬೆವರಿಗೆ ಸೀರೆ ಕಲೆಯಾಗುತ್ತದೆ. ಅಲ್ಲಿ ಮಲ್ಲಿಗೆ, ಅಬ್ಬಲಿಗೆ ಇರಲಿ. ಕಾಗದದ ಹೂವು ಗೋಡೆಗೆ.

ಆರತಿ ಎತ್ತುವ ಜಾಗದಿಂದ, ದೀಪದಿಂದ ಕಾಗದ ಕೈಗೆಟುಕದಷ್ಟು ದೂರ ಇರಲೇಬೇಕು. ಬೇಸಿಗೆಯ ಒಣ ಹಾಳೆಗೆ ಒಂದು ಕಿಡಿ ಸಾಕು. ಬುಟ್ಟಿಯೊಳಗೆ ಎಲ್‌ಇಡಿ ದೀಪ ಮಾತ್ರ. ಹಂದರದ ಕಂಬದ ಬುಡಕ್ಕೆ ಒಂದು ಬಕೆಟ್ ನೀರು ಇಟ್ಟಿರಿ.

ಪೋಸ್ಟಿಗೆ ಧಾರಾಳವಾಗಿ ಕಳಿಸಬಹುದು. ಖಣದ ಕಾರ್ಡನ್ನಲ್ಲ, ಸಾದಾ ಕಾರ್ಡನ್ನು. 200 ಜಿಎಸ್‌ಎಂನ ನಿಮ್ಮ ಕಾರ್ಡು ಸುಮಾರು 6 ಗ್ರಾಂ, ಲಕೋಟೆ 4 ಗ್ರಾಂ. ಅಂಟು, ಅಲಂಕಾರ ಸೇರಿದರೂ 20 ಗ್ರಾಂ ದಾಟುವುದಿಲ್ಲ, ಅಂಚೆಯ ಮೊದಲ ತೂಕದ ಹಂತದಲ್ಲೇ ಮುಗಿಯುತ್ತದೆ. ಬಳೆ ಚೂರು, ಮಣಿ, ಅಡಿಕೆ ಅಂಟಿಸಿದ ಕಾರ್ಡು ಮಾತ್ರ ಪೋಸ್ಟಿಗೆ ಹಾಕಬೇಡಿ. ಉಬ್ಬು ಇದ್ದರೆ ಮುದ್ರೆ ಹೊಡೆಯುವಾಗ ಒಡೆಯುತ್ತದೆ, ಹಾಳೆ ಹರಿಯುತ್ತದೆ. ಲಕೋಟೆ ಗಾಢ ಬಣ್ಣದ್ದಾದರೆ ಬಿಳಿ ಚೀಟಿ ಅಂಟಿಸಿ ಅದರ ಮೇಲೆ ವಿಳಾಸ, ಪಿನ್‌ಕೋಡ್ ಬರೆಯಿರಿ. ಜೆಲ್ ಪೆನ್ನಿನಲ್ಲಿ ಬೇಡ, ಬಾಲ್‌ಪೆನ್ನಿನಲ್ಲಿ. ಪುಣೆ, ಬೆಂಗಳೂರಿನ ಕಾರ್ಡುಗಳನ್ನು ಎಲ್ಲಕ್ಕಿಂತ ಮೊದಲು ಮುಗಿಸಿ, ಎರಡು ವಾರ ಮುಂಚೆ ಅಂಚೆಗೆ ಹಾಕಿಬಿಡಿ. ಊರಿನ ಮನೆಗಳಿಗೆ ಅರಿಷಿಣ ಕುಂಕುಮದ ಜೊತೆ ನೀವೇ ಹೋಗಿ ಕೊಡುತ್ತೀರಲ್ಲ, ಅವನ್ನು ಕೊನೆಯ ವಾರ ಮಾಡಿದರೂ ನಡೆಯುತ್ತದೆ.